ಕಚೇರಿಯ ಗೋಡೆಯ ಮೇಲಣ ಚಿತ್ರಪ್ರತಿಗಳು

ಪ್ರತಿ ಎಂಬ ಮಾತು ನಮ್ಮ ವಾಚಕರಿಗೆ ದಿನಬಳಕೆಯದು. ಓಲೆಯ ಪ್ರತಿ, ಕಾಗದದ ಪ್ರತಿ, ಮೂಡಬಿದಿರೆಯ ಪ್ರತಿ, ಮೈಸೂರಿನ ಪ್ರತಿ ಎಂದು ಹೇಳಿಕೊಳ್ಳುತ್ತಲೇ ನಾವೆಲ್ಲರೂ ಹಳಗನ್ನಡ ಕಾವ್ಯಗಳನ್ನು ಓದುವುದನ್ನು ಕಲಿತವರು. ಪಂಪನ ಸ್ವಹಸ್ತದ ಓಲೆಯನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಪಂಪನನ್ನು ನಾವು ಓದಿಲ್ಲವೆಂದು ಯಾರೂ ಹೇಳುವುದಿಲ್ಲ. ಹೀಗಿರುವಲ್ಲಿ, ಚಿತ್ರಕಲೆಯ ಮಾತು ಬಂದೊಡನೆ ಪ್ರತಿಯೆಂದರೆ ಹಗುರವಾದ ವಸ್ತುವೆಂದೂ, ಅದು ವ್ಯಾಪಾರದ ಕಚೇರಿಯ ಗೋಡೆಗೆ ಸೇರಿದ್ದಾದರೆ ವಿಮರ್ಶಕನು ಅತ್ತ ತಿರುಗಿಯೂ ನೋಡಬೇಕಾದುದಿಲ್ಲವೆಂದೂ ಭಾವಿಸುವುದು ಸರಿಯಲ್ಲ. ಮೂಲಚಿತ್ರಗಳಿರುವ ಶಾಲೆಗಳಿಗೆ ಹೋಗಿಬರುವವರು ಕೆಲವರು. ಬ್ಯಾಂಕು, ವಿಮೆ, ವಕೀಲರ ಮನೆ, ವೈದ್ಯರ ಹಜಾರ, ಇವುಗಳಲ್ಲಿ ಕಾಲುಗಂಟೆಯಾದರೂ ಸುಮ್ಮನೆ ಕುಳಿತು ಎದುರುಗೋಡೆಯನ್ನು ನೋಡದವರು ಇಲ್ಲ. ನಮ್ಮ ಜನಕ್ಕೆ ಚಿತ್ರಕಲೆಯ ಪರಿಚಯವಾಗುವುದು ಬಹುಮಟ್ಟಿಗೆ ಅಲ್ಲಿಯೇ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಪ್ರತಿಯಲ್ಲಿ ಮೂಲದ ಜೀವವಿಲ್ಲ, ಆದುದರಿಂದ ಅದನ್ನು ತೂಗುಹಾಕುವುದಕ್ಕಿಂತ ಬರಿಯ ಗೋಡೆಯೇ ಮೇಲು ಎಂಬುದು ಒಂದು. ಕಣ್ಣಿಗೆ ಹಿತವಾಗಿದ್ದರೆ ಸಾಕು, ಯಾರದು ಎಲ್ಲಿಯದು ಎಂಬ ವಿಚಾರವೇಕೆ ಎಂಬುದು ಇನ್ನೊಂದು. ಮೊದಲನೆಯ ಪಕ್ಷಕ್ಕೆ ವಿದ್ವಾಂಸರ ಬೆಂಬಲ ಹೆಚ್ಚು. ಜರ್ಮನಿಯ ವಾಲ್ಟರ್ ಬೆನ್ಯಮಿನ್ 1936ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಯಂತ್ರದಿಂದ ಪ್ರತಿಗಳು ಹೆಚ್ಚಿದಂತೆ ಕಲಾಕೃತಿಯ ಒಂದು ವಿಶೇಷ ಗುಣವು ಬಾಡುತ್ತದೆಂದು ವಾದಿಸಿದನು. ಆ ಗುಣಕ್ಕೆ ಕನ್ನಡದಲ್ಲಿ ‘ಸಾನ್ನಿಧ್ಯ’ ಎಂಬುದು ಹೊಂದುವ ಮಾತೆಂದು ನಮಗೆ ತೋರುತ್ತದೆ. ಬಾಡುವುದರಿಂದ ಬರುವ ಲಾಭವನ್ನೂ ಅವನು ಕಾಣದೆ ಇರಲಿಲ್ಲ. ಆದರೆ ಅವನನ್ನು ಉದಾಹರಿಸುವವರು ಆ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಮ್ಮ ದೇವಾಲಯಗಳ ಪದ್ಧತಿಯನ್ನು ಬಲ್ಲವರಿಗೆ ಮಾತ್ರ ಇದರಲ್ಲಿ ಇನ್ನೊಂದು ಸಂಶಯ ಹುಟ್ಟಬೇಕು. ಮೂಲವಿಗ್ರಹವು ಗರ್ಭಗುಡಿಯನ್ನು ಬಿಟ್ಟು ಕದಲುವುದಿಲ್ಲ. ಬೀದಿಗೆ ಬರುವುದು ಉತ್ಸವಮೂರ್ತಿ. ಗುಡಿಯೊಳಕ್ಕೆ ಬರಲಾರದವರ ಬಾಗಿಲಿಗೆ ಅದೇ ಹೋಗಿ ನಿಲ್ಲುತ್ತದೆ. ಅದು ಮೂಲವಲ್ಲವೆಂಬುದು ಎಲ್ಲರಿಗೂ ತಿಳಿದಿದೆ. ಅದು ಸುಳ್ಳೆಂದು ಯಾರೂ ಹೇಳಿಲ್ಲ.

ಭಾರತದಲ್ಲಿ ಚಿತ್ರಪ್ರತಿಗಳು ಅಂಗಡಿ ಮಳಿಗೆಗಳನ್ನು ಹೊಕ್ಕ ಕಥೆಯನ್ನು ನೋಡಿದರೂ ಈ ಮಾತು ನಿಲ್ಲುತ್ತದೆ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಚಿತ್ರಮುದ್ರಣಾಲಯವನ್ನು ಸ್ಥಾಪಿಸಿದನು. ಅದು ಕೆಲವು ವರ್ಷಗಳಲ್ಲಿ ಲೋಣಾವಳದ ಹತ್ತಿರದ ಮಳವಲಿಗೆ (ನಮ್ಮ ಮಳವಳ್ಳಿಗಲ್ಲ) ಸಾಗಿತು. ಬಳಿಕ ಅಲ್ಲಿಯ ಜರ್ಮನ್ ತಜ್ಞನಾಗಿದ್ದ ಫ್ರಿಟ್ಸ್ ಶ್ಲೈಕರ್ ಎಂಬವನ ವಶವಾಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಲ್ಲಚ್ಚಿನಿಂದ ಬಣ್ಣದ ಮೇಲೆ ಬಣ್ಣವನ್ನೊತ್ತಿ, ಕಡೆಗೆ ಮೆರುಗೆಣ್ಣೆ ಬಳಿದು, ತೈಲಚಿತ್ರದ ಭ್ರಾಂತಿಯನ್ನುಂಟುಮಾಡುತ್ತಿದ್ದರು. ಮಂಡಿಯ ಸಾಹುಕಾರನು ಇಂಥ ಲಕ್ಷ್ಮೀಚಿತ್ರವೊಂದನ್ನು ತಂದು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿ, ಗಾಜಿನ ಮೇಲೆಯೇ ಕುಂಕುಮವಿಟ್ಟು, ದಿನವೂ ಊದುಬತ್ತಿ ಹಚ್ಚಿದನು. ಅವನು ಗೋಡೆಯನ್ನು ಅಲಂಕರಿಸಲಿಲ್ಲ. ಅಲಂಕಾರ ಮಾಡಿದ್ದು ಚಿತ್ರಕ್ಕೆ. ಕಲಾದೃಷ್ಟಿಯಿಂದ ಆ ಮುದ್ರಣಗಳಲ್ಲಿ ಎಷ್ಟೋ ಕುಂದುಗಳನ್ನು ಹೇಳಬಹುದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳನ್ನು ನೋಡಿದವರಿಗೆ ಮುದ್ರಿತ ದೇವಿಯರ ಕೆನ್ನೆಯ ಗುಲಾಬಿ ಬಣ್ಣ ಸಹಿಸದೆ ಹೋಗಬಹುದು. ಆದರೆ ಆ ಪ್ರತಿಗೆ ಅಲ್ಲಿ ಒಂದು ಕೆಲಸವಿತ್ತು, ಅದನ್ನು ನೋಡುವ ಕಣ್ಣಿತ್ತು.

ಈಗಿನ ಕಚೇರಿಗೆ ಬರೋಣ. ಮೈಸೂರಿನ ಹಣಕಾಸು ಸಂಸ್ಥೆಯೊಂದರಲ್ಲಿ ನಾವು ಕಂಡ ಚಿತ್ರವನ್ನೇ ತೆಗೆದುಕೊಳ್ಳಬಹುದು. ದೀಪ ಹಿಡಿದ ಹೆಂಗಸು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದರ ಕುಡಿಗೆ ಮರೆ. ಕನ್ನಡನಾಡಿನಲ್ಲಿ ಇದನ್ನು ನೋಡದವರು ವಿರಳ. ಚೌಕಟ್ಟಿನ ಕೆಳಗೆ ಹಿತ್ತಾಳೆಯ ಫಲಕದಲ್ಲಿ ‘ರಾಜಾ ರವಿವರ್ಮ’ ಎಂದು ಕೊರೆಸಿದ್ದರು. ಚಿತ್ರವು ರವಿವರ್ಮನದಲ್ಲ. ಸಾವಳಾರಾಮ ಲಕ್ಷ್ಮಣ ಹಳದಣಕರರು ತಮ್ಮ ಮಗಳನ್ನು ನಿಲ್ಲಿಸಿಕೊಂಡು 1945-46ರ ಸುಮಾರಿನಲ್ಲಿ ಬರೆದುದು. ಮೂಲವು ಅದೇ ಜಗನ್ಮೋಹನ ಅರಮನೆಯ ಸಂಗ್ರಹಕ್ಕೆ ಸೇರಿದೆ. ರವಿವರ್ಮನು ತೀರಿಕೊಂಡದ್ದು 1906ರಲ್ಲಿ. ನಲವತ್ತು ವರ್ಷಗಳ ಅಂತರವೇ ಸಾಕ್ಷಿಯಾಗಿರುವಾಗ ಶೈಲಿಯ ವಿಚಾರವೇ ಬೇಡ. ಆದರೂ ಈ ತಪ್ಪು ಪೀಳಿಗೆಯಿಂದ ಪೀಳಿಗೆಗೆ ದಾಟಿಬಂದಿದೆ. ಹೆಸರಿಲ್ಲದ ವಚನಗಳೆಲ್ಲ ಪ್ರಸಿದ್ಧರ ಅಂಕಿತಕ್ಕೆ ಸೇರುವಂತೆ, ಮನೋಹರವಾದ ಹೆಂಗಸಿನ ಚಿತ್ರಗಳೆಲ್ಲ ರವಿವರ್ಮನ ಲೆಕ್ಕಕ್ಕೆ ಹೋಗುತ್ತವೆ.

ಹೆಸರಿನ ತಪ್ಪಿಗಿಂತ ದೊಡ್ಡದಾದ ಇನ್ನೊಂದು ಪಾಠಭೇದವು ಆ ಗೋಡೆಯ ಮೇಲಿತ್ತು. ಮೂಲವು ಕಾಗದದ ಮೇಲಣ ಜಲವರ್ಣಚಿತ್ರ. ಜಲವರ್ಣದಲ್ಲಿ ಬೆಳಕೆಂಬುದು ಬಳಿದ ಬಣ್ಣವಲ್ಲ. ತೆಳುವಾದ ಬಣ್ಣದ ನೀರಿನ ಅಡಿಯಿಂದ ಕಾಗದದ ಬಿಳುಪು ಹೊರಹೊಮ್ಮುವುದೇ ಬೆಳಕು; ಚಿತ್ರಕಾರನು ಅದನ್ನು ಹಾಕುವುದಿಲ್ಲ, ಉಳಿಸಿಕೊಳ್ಳುತ್ತಾನೆ. ತೈಲಚಿತ್ರದಲ್ಲಿ ತಪ್ಪಿದರೆ ಮೇಲೆ ಬಳಿದು ತಿದ್ದಬಹುದು. ಇಲ್ಲಿ ಒಮ್ಮೆ ಮುಚ್ಚಿದ ಕಾಗದ ಮುಚ್ಚಿದಂತೆಯೇ. ಹಳದಣಕರರ ಸಾಹಸವೆಲ್ಲ ಆ ಮರೆಮಾಡಿದ ಬೆರಳುಗಳಲ್ಲಿದೆ: ದೀಪದ ಬೆಳಕು ಚರ್ಮವನ್ನು ತೂರಿ ಕೆಂಪಾಗಿ ಕಾಣುತ್ತದೆ, ಮುಖ ಬೆಳಗುತ್ತದೆ, ಸುತ್ತಲೂ ಮಬ್ಬು. ಈ ಚಿತ್ರವನ್ನು ಮಬ್ಬುಗತ್ತಲೆಯಲ್ಲಿಟ್ಟು ತೋರಿಸುವ ವಾಡಿಕೆ ಬಂದದ್ದು ಸುಮ್ಮನೆ ಅಲ್ಲ. ಕಚೇರಿಯ ಪ್ರತಿಯಾದರೋ ಒರಟು ಕ್ಯಾನ್ವಾಸಿನ ಮೇಲೆ ಅಚ್ಚಾಗಿತ್ತು. ಮೇಲೆ ಮೆರುಗು ಬೇರೆ. ಜಲವರ್ಣವು ತೈಲಚಿತ್ರದ ವೇಷ ಹಾಕಿಕೊಂಡು ನಿಂತಿತ್ತು. ಬಹುಶಃ ರವಿವರ್ಮನ ಹೆಸರಿಗೆ ತಕ್ಕಂತೆ ಇರಲೆಂದು ಹೀಗೆ ಮಾಡಿದರೋ ಏನೋ. ಒಂದು ತಪ್ಪು ಇನ್ನೊಂದನ್ನು ಹಡೆಯುವುದು ಲಿಪಿಕಾರರ ಪ್ರಪಂಚದಲ್ಲಿ ನಮಗೆ ತಿಳಿದ ಸಂಗತಿಯೇ. ಮೇಲುಗಡೆ ಕೊಳವೆದೀಪದ ಬಿಳಿಯ ಬೆಳಕು. ಆ ಬೆಳಕಿನಲ್ಲಿ ಹಣತೆಯ ಕುಡಿ ಹಳದಿಯ ಮಸಿಯ ಚುಕ್ಕೆಯಾಗಿ ಕಾಣುತ್ತಿತ್ತು. ಇಲ್ಲಿ ಕೆಟ್ಟದ್ದು ಪ್ರತಿ ಎಂಬುದರಿಂದಲ್ಲ. ಒಳ್ಳೆಯ ಮಟ್ಟಸಕಾಗದದ ಮೇಲೆ ಅಚ್ಚುಮಾಡಿ, ಕಿಟಕಿಯಿಂದ ದೂರದ ಮೂಲೆಯಲ್ಲಿ ತೂಗುಹಾಕಿದ್ದರೆ, ಅದೇ ಖರ್ಚಿನಲ್ಲಿ ಬೆಳಕಿನ ಕಾಲುಪಾಲಾದರೂ ಉಳಿಯುತ್ತಿತ್ತು.

ಅಳತೆಯ ವಿಷಯವೂ ಹೀಗೆಯೇ. ಜಪಾನಿನ ಹೊಕುಸಾಯಿಯ ಮಹಾತರಂಗವು 1831ರ ಸುಮಾರಿನದು. ಅದು ಹುಟ್ಟಿನಿಂದಲೇ ಮರದಚ್ಚಿನ ಪ್ರತಿ, ಸಾವಿರಾರು ಅಚ್ಚಾಗಿ ಅಗ್ಗಕ್ಕೆ ಮಾರಿದ ವಸ್ತು. ಸುಮಾರು 26 ಸೆಂಟಿಮೀಟರ್ ಎತ್ತರ, 38 ಸೆಂಟಿಮೀಟರ್ ಅಗಲ; ಕೈಯಲ್ಲಿ ಹಿಡಿದು ನೋಡತಕ್ಕದ್ದು. ಈಗ ಅದನ್ನು ಆಳೆತ್ತರಕ್ಕೆ ಹಿಗ್ಗಿಸಿ ಇಡೀ ಗೋಡೆಗೆ ಅಂಟಿಸುತ್ತಾರೆ. ಕೈಯಳತೆಯ ಕಾಗದದಲ್ಲಿ ಅಷ್ಟು ದೊಡ್ಡ ಸಮುದ್ರ ಅಡಗಿದೆಯೆಂಬ ಬೆರಗು ಅಲ್ಲಿಗೆ ಹೋಯಿತು. ವಿಮೆಯ ಕಚೇರಿಯೊಂದರಲ್ಲಿ ಇದರ ಮುಂದೆ ಕುಳಿತಿದ್ದಾಗ, ಅಲೆಯ ಕೆಳಗೆ ದೋಣಿಗಳಲ್ಲಿ ಮುದುಡಿಕೊಂಡಿರುವ ಅಂಬಿಗರನ್ನು ಆ ಸಂಸ್ಥೆಯವರು ಯಾರಾದರೂ ನೋಡಿದ್ದಾರೆಯೇ ಎಂದು ನಮಗೆ ಕುತೂಹಲವಾಯಿತು. ನೋಡಿ ಬೇಕೆಂದೇ ಹಾಕಿದ್ದರೆ ಅವರ ವ್ಯಾಪಾರಬುದ್ಧಿಯನ್ನು ಮೆಚ್ಚಬೇಕು.

ಇದಕ್ಕಿಂತ ಹೀನವಾದುದು ಚಿತ್ರವನ್ನು ಮೂರು ಐದು ಉದ್ದುದ್ದ ಹಲಗೆಗಳಾಗಿ ಸೀಳಿ, ನಡುವೆ ಗೋಡೆ ಕಾಣುವಂತೆ ತೂಗುಹಾಕುವ ಪದ್ಧತಿ. ಓಲೆಕಟ್ಟಿನಿಂದ ನಡುನಡುವೆ ಗರಿಗಳನ್ನು ಕಿತ್ತು ಗ್ರಂಥಪಾತವನ್ನು ಅಲಂಕಾರವೆಂದು ತೋರಿಸಿದರೆ ನಾವು ಏನೆನ್ನುತ್ತಿದ್ದೆವೋ ಇಲ್ಲಿಯೂ ಅದನ್ನೇ ಹೇಳಬೇಕಾಗಿದೆ.

ಕಚೇರಿಗಳಿಗೆ ಚಿತ್ರಗಳನ್ನು ಆರಿಸುವವರು ಸಾಮಾನ್ಯವಾಗಿ ಮಾತನಾಡದ ಚಿತ್ರಗಳನ್ನು ಆರಿಸುತ್ತಾರೆ. ಕುರ್ಚಿಯ ಬಟ್ಟೆಯ ಬಣ್ಣಕ್ಕೆ ಹೊಂದಬೇಕು, ಬಂದವರ ಮನಸ್ಸನ್ನು ಕಲಕಬಾರದು. ಪ್ರತಿಯಲ್ಲಿ ಜೀವವಿಲ್ಲವೆನ್ನುವ ಪಂಡಿತರೂ ಪ್ರತಿಯು ಬರಿಯ ಬಣ್ಣವೆನ್ನುವ ವ್ಯಾಪಾರಿಗಳೂ ಇಲ್ಲಿ ಒಂದೇ ಮಾತನ್ನು ಹೇಳಿದಂತಾಯಿತು. ಇಬ್ಬರಿಗೂ ಒಂದು ನಿದರ್ಶನವನ್ನು ನೆನಪಿಸಬಹುದು. ಪಿಕಾಸೋವಿನ ‘ಗೆರ್ನಿಕಾ’ (1937) ಚಿತ್ರದ ನೆಯ್ಗೆಯ ಪ್ರತಿಯೊಂದು, 1955ರಲ್ಲಿ ಸಿದ್ಧವಾದದ್ದು, ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಭದ್ರತಾಮಂಡಲಿಯ ಸಭಾಂಗಣದ ಹೊರಗೆ 1985ರಿಂದ ಬಹುಕಾಲ ತೂಗಿತ್ತು. ಅದು ವ್ಯಾಪಾರದ ಸ್ಥಳವಲ್ಲ, ನಿಜ, ಕಚೇರಿಯೆಂಬುದರಲ್ಲಿ ಸಂದೇಹವಿಲ್ಲ. ಮೂಲದ ಕಪ್ಪು ಬಿಳುಪು ಬೂದು ಬಣ್ಣಗಳ ಬದಲು ಅದರಲ್ಲಿ ಕಂದುಬಣ್ಣದ ಛಾಯೆಗಳಿವೆ, ಅಳತೆಯೂ ಚಿಕ್ಕದು. 2003ರ ಫೆಬ್ರವರಿಯಲ್ಲಿ ಇರಾಕಿನ ಮೇಲಣ ಯುದ್ಧದ ಚರ್ಚೆ ನಡೆಯುತ್ತಿದ್ದಾಗ ಅದರ ಮೇಲೆ ನೀಲಿಯ ಪರದೆಯನ್ನು ಎಳೆದರು. ಛಾಯಾಗ್ರಾಹಕರ ಅನುಕೂಲಕ್ಕೆಂದು ಕಾರಣ ಕೊಟ್ಟರು, ನಂಬಿದವರು ಕಡಿಮೆ. ಬಣ್ಣ ಬದಲಾಯಿಸಿದ, ಅಳತೆ ಕುಗ್ಗಿದ, ಇನ್ನೊಬ್ಬರ ಕೈಯಿಂದ ನೆಯ್ದ ಪ್ರತಿಯೂ ಮುಚ್ಚಬೇಕಾದಷ್ಟು ಮಾತನಾಡುತ್ತದೆ. ಅದನ್ನು ನೆಯ್ದವರ ಹೆಸರು ಉಳಿದಿದೆ, ಯಾವುದರ ಪ್ರತಿ ಎಂಬುದನ್ನು ಯಾರೂ ಮರೆಮಾಚಿಲ್ಲ. ಒಳ್ಳೆಯ ಪ್ರತಿಯೆಂದರೆ ಇದೇ.

ಆದುದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹಳೆಯ ಲಿಪಿಕಾರನು ಓಲೆಯ ಕಡೆಯಲ್ಲಿ ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕೋರಿ ಮುಗಿಸುತ್ತಿದ್ದನು. ಗೋಡೆಯ ಪ್ರತಿಗೂ ಅಂಥದೊಂದು ಚೀಟಿ ಬೇಕು: ಬರೆದವರು ಯಾರು, ಯಾವ ವರ್ಷ, ಯಾವ ಬಣ್ಣದಲ್ಲಿ, ಮೂಲದ ಅಳತೆಯೆಷ್ಟು, ಅದು ಎಲ್ಲಿದೆ. ಚೌಕಟ್ಟಿಗೆ ಕೊಡುವ ಹಣದಲ್ಲಿ ಇದಕ್ಕೆ ಆಗುವ ವೆಚ್ಚ ಲೆಕ್ಕಕ್ಕೆ ಬಾರದು. ವೆಂಕಟಪ್ಪನವರ ಊಟಿ ಕೊಡೈಕನಾಲುಗಳ ಜಲವರ್ಣಗಳನ್ನು ಹೀಗೆ ಚೀಟಿಯೊಡನೆ ಕಾಗದದ ಮೇಲೆ ಅಚ್ಚುಮಾಡಿಸಿ ಬೆಂಗಳೂರಿನ ಕಚೇರಿಗಳಲ್ಲಿ ತೂಗುಹಾಕಿದರೆ, ನೋಡಿದವರಲ್ಲಿ ಕೆಲವರಾದರೂ ಮೂಲವಿರುವ ಶಾಲೆಗೆ ದಾರಿ ಕೇಳಿಯಾರು.

ಮೈಸೂರಿನ ಆ ಕಚೇರಿಯ ಅಧಿಕಾರಿಗಳಿಗೆ ನಾವು ಫಲಕದ ತಪ್ಪನ್ನು ತಿಳಿಸಿದೆವು. ಅವರು ಸೌಜನ್ಯದಿಂದ ಕೇಳಿ, ಪೀಠೋಪಕರಣಗಳ ಪಟ್ಟಿಯಲ್ಲಿ ‘ರವಿವರ್ಮ ಚಿತ್ರ, ಒಂದು’ ಎಂದು ದಾಖಲೆಯಾಗಿರುವುದರಿಂದ ಮೇಲಿನ ಅಪ್ಪಣೆಯಿಲ್ಲದೆ ಬದಲಾಯಿಸುವಂತಿಲ್ಲವೆಂದರು. ಚಿತ್ರದ ಎದುರಿಗೇ ಒಬ್ಬ ವಯಸ್ಸಾದ ಗುಮಾಸ್ತರು ಕುಳಿತಿದ್ದರು. ಹೊರಡುವಾಗ ಅವರು ತಾವಾಗಿ ಹೇಳಿದರು: “ಯಾರು ಬರೆದದ್ದೋ ನನಗೆ ಗೊತ್ತಿರಲಿಲ್ಲ ಸ್ವಾಮಿ. ಮೇಲೆ ಪಂಖ ತಿರುಗುತ್ತಲೇ ಇರುತ್ತದೆ. ಆ ತಾಯಿ ದೀಪ ಆರಿಹೋದೀತೆಂದು ಕೈ ಅಡ್ಡ ಹಿಡಿದು ನಿಂತಿದ್ದಾಳೆ ಅನ್ನಿಸುತ್ತೆ. ಒಂದೊಂದು ದಿನ ನಾನೇ ಎದ್ದು ಪಂಖ ನಿಲ್ಲಿಸುತ್ತೇನೆ.” ಕೊಳವೆದೀಪ, ಮೆರುಗೆಣ್ಣೆ, ಸುಳ್ಳುಹೆಸರು ಇಷ್ಟರ ನಡುವೆಯೂ ಆ ಬೆರಳುಗಳನ್ನು ನೋಡಿದವರು ಅವರೊಬ್ಬರು. ಹಳದಣಕರರ ಹೆಸರನ್ನು ಅವರು ಕೇಳಿ ಬರೆದುಕೊಂಡರು.

ಎರಡು ತಿಂಗಳ ಮೇಲೆ ಹೋದಾಗ ಹಿತ್ತಾಳೆಯ ಫಲಕವು ಇದ್ದಲ್ಲಿಯೇ ಇತ್ತು. ಅದರ ಕೆಳಗೆ ಒಂದು ಕಾಗದದ ಚೀಟಿ ಅಂಟಿಸಿತ್ತು. ಹಳದಣಕರರ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ನಾವು ತಿದ್ದಲಿಲ್ಲ.