ನಾಳೆ ನಿವೃತ್ತಿ, ಇಂದು ನೆನಪು

2008ರ ಸೆಪ್ಟೆಂಬರಿನಲ್ಲಿ ತೆರೆಕಂಡ ‘ಎ ವೆಡ್ನೆಸ್‌ಡೇ’ ಹಿಂದೀ ಚಿತ್ರವನ್ನು ಮುಂಬಯಿಯ ನಮ್ಮವರಲ್ಲಿ ನೋಡದವರು ವಿರಳ. ಅದು ಬಂದು ಮೂರು ತಿಂಗಳು ತುಂಬುವ ಮೊದಲೇ ನವೆಂಬರ್ 26 ಬಂತು. ಆಮೇಲೆ ಅದನ್ನು ಬರೀ ಸಿನಿಮಾ ಎಂದು ನೋಡುವುದು ಕಷ್ಟವಾಯಿತು. ಮೊನ್ನೆ ಟೀವಿಯಲ್ಲಿ ಮತ್ತೆ ನೋಡಿದಾಗ ಮಾತ್ರ ನಮ್ಮ ಗಮನ ಬಾಂಬಿನ ಕಡೆಗೆ ಹೋಗಲಿಲ್ಲ. ಕಥೆ ಹೇಳುವ ಪೋಲೀಸ್ ಕಮೀಷನರ್ ರಾಠೋಡರ ಕಡೆಗೆ ಹೋಯಿತು. ಕಾರಣ, ಅವರು ಮರುದಿನ ನಿವೃತ್ತರಾಗುವವರು.

ಮೊದಲು ಮೆಚ್ಚುಗೆಯ ಮಾತು. ನಿರ್ದೇಶಕ ನೀರಜ್ ಪಾಂಡೆಯವರಿಗೆ ಇದು ಚೊಚ್ಚಲ ಚಿತ್ರ. ಚೊಚ್ಚಲ ಚಿತ್ರಕ್ಕೆ ಸಲ್ಲುವ ಇಂದಿರಾ ಗಾಂಧಿ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿತು. ಹಾಡಿಲ್ಲ, ಕುಣಿತವಿಲ್ಲ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಹೆಸರಿಲ್ಲದ ಸಾಮಾನ್ಯನಾಗಿ ನಸೀರುದ್ದೀನ್ ಶಾ, ಕಮೀಷನರರಾಗಿ ಅನುಪಮ್ ಖೇರ್ — ಇಬ್ಬರದೂ ತೂಕದ ಅಭಿನಯ. ಫೋನಿನ ಎರಡು ತುದಿಗಳಲ್ಲಿ ಕುಳಿತೇ ಇಡೀ ಚಿತ್ರವನ್ನು ಹೊತ್ತಿದ್ದಾರೆ.

ನಮ್ಮ ತಕರಾರು ಇರುವುದು ಬೇರೆ ಕಡೆ. ಆ ಬುಧವಾರ ನಾಲ್ಕನೆಯ ಬಂದಿ ಸಾಯುವುದು ಪೋಲೀಸರ ಗುಂಡಿನಿಂದಲೇ. ಊರಿಗೆ ಬಾಂಬಿನ ಬೆದರಿಕೆ ಹಾಕಿದಾತ ಕೈಗೆ ಸಿಕ್ಕರೂ ಕಮೀಷನರರು ಬಿಟ್ಟುಬಿಡುತ್ತಾರೆ. ಇದು ಯಾವ ಕಡತದಲ್ಲೂ ಇಲ್ಲ. ಕಂಡವರ ನೆನಪಿನಲ್ಲಿ ಮಾತ್ರ ಇದೆ. ಇಂಥದೊಂದನ್ನು ಎದೆಯಲ್ಲಿಟ್ಟುಕೊಂಡು ಅವರು ಸೇವೆಯ ಕೊನೆಯ ದಿನದವರೆಗೂ ಸಮವಸ್ತ್ರ ತೊಟ್ಟರು! ಅವರನ್ನು ಮನೆಗೆ ಕಳಿಸಿದ್ದು ಜನ್ಮದಿನಾಂಕವೇ ಹೊರತು ಮನಸ್ಸಾಕ್ಷಿಯಲ್ಲ. ‘ಆ ಸಂಜೆಯೇ ನಾನು ಹೊರಡಬೇಕಿತ್ತೆ?’ ಎಂಬ ಪ್ರಶ್ನೆಯನ್ನು ಅವರೂ ಕೇಳಿಕೊಳ್ಳುವುದಿಲ್ಲ, ಚಿತ್ರವೂ ಕೇಳುವುದಿಲ್ಲ. ನಿವೃತ್ತಿ ಇಲ್ಲಿ ಕಥೆಯ ಬಾಯಿ ತೆರೆಸುವ ಕೀಲಿಕೈ, ಅಷ್ಟೆ.

ಕಡತಗಳ ನಡುವೆಯೇ ಕೂದಲು ಹಣ್ಣಾಗುತ್ತಿರುವ ನಮ್ಮಂಥ ಗುಮಾಸ್ತರಿಗೆ ಇನ್ನೊಂದು ಸಂಶಯವೂ ಬರುತ್ತದೆ. ನಿವೃತ್ತಿಯಾದೊಡನೆ ಹಿಂದಿನದೆಲ್ಲ ತೊಳೆದುಹೋಗುವುದಿಲ್ಲ. ನಾಲ್ಕು ವರ್ಷದೊಳಗಿನ ಘಟನೆಯಾದರೆ ನಿವೃತ್ತರ ಮೇಲೂ ಇಲಾಖಾ ವಿಚಾರಣೆ ಹೂಡಲು ನಿಯಮದಲ್ಲಿ ಅವಕಾಶವಿದೆ. ಘೋರ ತಪ್ಪು ರುಜುವಾತಾದರೆ ಪಿಂಚಣಿಗೇ ಕತ್ತರಿ. ಸಿನಿಮಾದ ಸಾಹೇಬರಿಗೆ ಈ ಅಳುಕು ಲವಲೇಶವೂ ಇಲ್ಲ.

ಹೊರಡುವ ಹೊತ್ತನ್ನು ತಾವೇ ಗೊತ್ತುಮಾಡಿಕೊಂಡವರೂ ಇದ್ದಾರೆ. 1972ರಲ್ಲಿ ಪೋಲೀಸ್ ಸೇವೆಗೆ ಸೇರಿದ ಕಿರಣ್ ಬೇಡಿಯವರು, ದೆಹಲಿಯ ಕಮೀಷನರ್ ಹುದ್ದೆ ತಮಗಿಂತ ಕಿರಿಯರ ಪಾಲಾದ 2007ರಲ್ಲಿ, ಅವಧಿ ಉಳಿದಿರುವಾಗಲೇ ಸ್ವಯಂನಿವೃತ್ತಿ ಬೇಡಿ ಹೊರಬಂದರು. ಅದು ಸರಿಯೋ ತಪ್ಪೋ ಎಂದು ಅಂದು ಮನೆಮನೆಯಲ್ಲಿ ಚರ್ಚೆ ನಡೆಯಿತು. ಚರ್ಚೆಗೆ ಎಡೆಯಿತ್ತು, ಏಕೆಂದರೆ ಅಲ್ಲಿ ಒಂದು ನಿರ್ಧಾರವಿತ್ತು.

ಆದರೆ ಮೇಲಿನವರ ನಿರ್ಧಾರ ಬೇರೆ, ಕೆಳಗಿನವರ ಲೆಕ್ಕ ಬೇರೆ. ಅಂದು ನಮ್ಮ ಜೊತೆ ಕುಳಿತು ಚಿತ್ರ ನೋಡಿದವರು ವಿಜಾಪುರದ ಕಡೆಯ ಹವಾಲ್ದಾರರೊಬ್ಬರು. ಮೂವತ್ತು ವರ್ಷ ಸೇವೆಯಾಗಿದೆ. ಮೊಣಕಾಲು ನೋವು, ಗಣಪತಿ ಹಬ್ಬದ ಬಂದೋಬಸ್ತಿನಲ್ಲಿ ಹಗಲೂ ರಾತ್ರಿ ನಿಲ್ಲಲಾರರು. ಸ್ವಯಂನಿವೃತ್ತಿಯ ಅರ್ಜಿ ಬರೆದುಕೊಡಿ ಎಂದು ಬಂದಿದ್ದರು. ಸರ್ಕಾರಿ ಸೇವೆಯಲ್ಲಿ ಇಪ್ಪತ್ತು ವರ್ಷವಾದವರು ಮೂರು ತಿಂಗಳ ನೋಟೀಸು ಕೊಟ್ಟು ಹೊರಡಬಹುದೆಂಬುದು ಅವರಿಗೂ ಗೊತ್ತು. ಆದರೆ ಮಗಳ ಮದುವೆ ಬಾಕಿ. ಮಗನ ಓದು ಮುಗಿದಿಲ್ಲ. ಊರಿನ ಮನೆಗೆ ಮಾಡು ಹಾಕಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪೋಲೀಸ್ ಲೈನಿನ ಆ ಪುಟ್ಟ ಮನೆ. ಚಿತ್ರ ಮುಗಿದಾಗ ಅವರು ಅಂದದ್ದು ಇಷ್ಟೆ: “ಸಾಹೇಬ್ರಿಗೆ ನಾಳಿ ಹಾರಾರೀ. ನನಗ ನಾಳಿ ಖೋಲಿ ಖಾಲಿ ಮಾಡು ಅನ್ನೋ ನೋಟೀಸು.”

ಅರ್ಜಿ ಬರೆಯಲಿಲ್ಲ. ಬದಲಿಗೆ ಬಂದೋಬಸ್ತಿನಿಂದ ಠಾಣೆಯ ಒಳಗಿನ ಕೆಲಸಕ್ಕೆ ಹಾಕಬೇಕೆಂದು ಕೋರುವ ಒಂದು ಮನವಿಯನ್ನು, ಡಾಕ್ಟರರ ಚೀಟಿ ಲಗತ್ತಿಸಿ, ಬರೆದುಕೊಟ್ಟೆವು.

ಚಿತ್ರ ಚೆನ್ನಾಗಿದೆ, ನೋಡದವರು ಖಂಡಿತ ನೋಡಲಿ. ಆದರೆ ಸಮವಸ್ತ್ರವನ್ನು ಯಾವಾಗ ಕಳಚಿಡಬೇಕು ಎಂದು ರಾತ್ರಿಯೆಲ್ಲ ನಿದ್ದೆಗೆಡುವ ಪೋಲೀಸಿನವನ ಚಿತ್ರ ಇದಲ್ಲ. ಅಂಥದೊಂದು ಬಂದರೆ, ನಮ್ಮ ಹವಾಲ್ದಾರರನ್ನು ಟಿಕೇಟು ತೆಗೆದು ಕರೆದೊಯ್ಯುವ ಹೊಣೆ ನಮ್ಮದು.