ವೈರ್‌ಲೆಸ್ ಮೌಸಿನ ಸ್ಕ್ರೋಲ್ ದೋಷ: ಪರಿಹಾರ ಸೂಚನೆಗಳ ಒಂದು ವಿಮರ್ಶೆ

ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ ವೈರ್‌ಲೆಸ್ ಮೌಸನ್ನು ಬಳಸುವವರಿಗೆ ಒಂದು ತೊಂದರೆ ಚಿರಪರಿಚಿತವಾದುದು. ಮೌಸಿನ ಚಕ್ರವನ್ನು ಒಂದು ಹಲ್ಲಿನಷ್ಟು ತಿರುಗಿಸಿದರೆ ಪುಟವು ಒಮ್ಮೊಮ್ಮೆ ಪೂರ್ತಿಯಾಗಿ ಹಾರಿಹೋಗುತ್ತದೆ. ಒಮ್ಮೊಮ್ಮೆ ಕದಲುವುದೇ ಇಲ್ಲ. ಕೆಲವು ವೇಳೆ ಹಿಂದಕ್ಕೆ ಜಾರುತ್ತದೆ. ಇದಕ್ಕೆ ಪರಿಹಾರವೆಂದು ಕೈಯಿಂದ ಕೈಗೆ ಸಾಗಿಬಂದ ಸೂಚನೆಗಳು ಹಲವಿವೆ. ಅವುಗಳ ಯೋಗ್ಯತೆಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಇತಿಹಾಸದ ಅಧ್ಯಾಪಕರಿಗೆ ಇದರಲ್ಲೇನು ಕೆಲಸವೆಂದು ಕೆಲವರು ಕೇಳಬಹುದು. ಕಾಲವನ್ನೂ ಮೂಲವನ್ನೂ ಹೇಳದ ಪಾಠ ಯಾವುದೇ ಇರಲಿ, ಅದು ಆಕರವಿಮರ್ಶೆಗೆ ಒಳಗಾಗತಕ್ಕದ್ದೇ ಎಂಬುದು ನಮ್ಮ ಉತ್ತರ.

ಈ ಸೂಚನೆಗಳ ಮುಖ್ಯ ಲೋಪವೆಂದರೆ, ಅವು ಲಕ್ಷಣದಿಂದ ನೇರವಾಗಿ ಔಷಧಕ್ಕೆ ಹಾರುತ್ತವೆ, ಕಾರಣವನ್ನು ವಿಚಾರಿಸುವುದಿಲ್ಲ. ತೆಂಗಿನ ಗರಿ ಒಣಗಿತೆಂದ ಮಾತ್ರಕ್ಕೆ ಬಿಳಿಗೆರೆಯ ರೈತನು ಎಲ್ಲ ಮರಗಳಿಗೂ ಒಂದೇ ಮದ್ದನ್ನು ಹಾಕುವುದಿಲ್ಲ. ನೀರು ಸಾಲದೆ ಒಣಗಿತೋ, ಕಪ್ಪುತಲೆ ಹುಳು ಗರಿಯ ಅಡಿಭಾಗವನ್ನು ಕೆರೆದು ತಿಂದಿತೋ, ಬುಡಕ್ಕೆ ಅಣಬೆ ರೋಗ ತಗುಲಿತೋ ಎಂಬುದನ್ನು ಗರಿಯನ್ನು ಮಗುಚಿ, ಬುಡವನ್ನು ನೋಡಿ ನಿಶ್ಚಯಿಸುತ್ತಾನೆ. ಮೌಸಿನ ವಿಷಯದಲ್ಲಿಯೂ ಇಷ್ಟೇ ವಿವೇಕ ಸಾಕು.

ಮೊದಲು ಕಾಲಕ್ರಮವನ್ನು ಗಮನಿಸೋಣ. 1996ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟೆಲಿಮೌಸ್ ಹೊರಬಂದ ಮೇಲೆ ಚಕ್ರವುಳ್ಳ ಮೌಸು ಎಲ್ಲೆಡೆ ಬಳಕೆಗೆ ಬಂದಿತು. ಲಿನಕ್ಸಿನ ಹಳೆಯ ಪರದೆವ್ಯವಸ್ಥೆಯಾದ ಎಕ್ಸ್, ಚಕ್ರವನ್ನು ಗುಂಡಿಗಳಂತೆಯೇ ಎಣಿಸಿತು: ಮೇಲಕ್ಕೆ ತಿರುಗಿದರೆ ನಾಲ್ಕನೆಯ ಗುಂಡಿ, ಕೆಳಕ್ಕೆ ತಿರುಗಿದರೆ ಐದನೆಯದು. ಒಂದು ಹಲ್ಲಿಗಿಂತ ಸೂಕ್ಷ್ಮವಾದ ಚಲನೆಯನ್ನು ತಿಳಿಸಲು ಅದರಲ್ಲಿ ಅವಕಾಶವಿರಲಿಲ್ಲ. ಮುಂದೆ ಹಲ್ಲಿನ ಭಾಗಗಳನ್ನೂ ಅಳೆಯಬಲ್ಲ ಚಕ್ರಗಳು ಬಂದವು. ಅವನ್ನು ಗುರುತಿಸುವ ಮೊದಲ ಯತ್ನವನ್ನು 2018ರಲ್ಲಿ ಲಿನಕ್ಸಿನ ಕರ್ನಲ್‌ಗೆ ಸೇರಿಸಿ, ದೋಷ ಕಂಡುದರಿಂದ ಹಿಂತೆಗೆಯಲಾಯಿತು. 2019ರ ಮಾರ್ಚ್‌ನಲ್ಲಿ ಹೊರಬಂದ 5.0ನೆಯ ಆವೃತ್ತಿಯಲ್ಲಿ ಪೀಟರ್ ಹಟರರ್ ಅವರ ಪರಿಷ್ಕೃತ ಕ್ರಮ ನೆಲೆಗೊಂಡಿತು. ಒಂದು ಪೂರ್ಣ ಹಲ್ಲಿಗೆ 120 ಅಂಶಗಳೆಂಬುದು ಅದರ ಲೆಕ್ಕ. ಕರ್ನಲ್ ಹೇಳಿದುದನ್ನು ಪರದೆಗೆ ಮುಟ್ಟಿಸುವ ಲಿಬ್‌ಇನ್‌ಪುಟ್ ಈ ಲೆಕ್ಕವನ್ನು ಅಂಗೀಕರಿಸಿದ್ದು 2021ರಲ್ಲಿ. ಆದುದರಿಂದ 2012ರ ಸೂಚನೆಯೂ 2022ರ ಸೂಚನೆಯೂ ಹೆಸರಿಗೆ ಒಂದೇ ವ್ಯವಸ್ಥೆಯನ್ನು ಕುರಿತವು; ವಸ್ತುತಃ ಬೇರೆ ಬೇರೆ.

ಈಗ ಪ್ರಸಿದ್ಧವಾದ ಎರಡು ಪರಿಹಾರಗಳನ್ನು ನೋಡಬಹುದು. ಮೊದಲನೆಯದು, ರಿಸೀವರನ್ನು ಕಿತ್ತು ಮತ್ತೆ ಸಿಕ್ಕಿಸುವುದು. ಮೇಲ್ನೋಟಕ್ಕೆ ಇದು ಮಾಟದಂತೆ ತೋರಿದರೂ ಇದಕ್ಕೆ ಸಕಾರಣವಿದೆ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಾಗ, ಸೂಕ್ಷ್ಮ ಎಣಿಕೆಯನ್ನು ಕಳುಹಿಸುವಂತೆ ಮೈಕ್ರೋಸಾಫ್ಟಿನ ಕೆಲವು ಮೌಸುಗಳಿಗೆ ವಿಂಡೋಸ್ ಆಜ್ಞಾಪಿಸುತ್ತದೆ. ಯಂತ್ರವನ್ನು ಮರುಪ್ರಾರಂಭಿಸಿದರೂ ಆ ಆಜ್ಞೆ ಅಳಿಯದೆ ಉಳಿಯಬಹುದು. ಇದನ್ನರಿಯದ ಹಳೆಯ ಕರ್ನಲ್, ಪ್ರತಿಯೊಂದು ಸೂಕ್ಷ್ಮ ಎಣಿಕೆಯನ್ನೂ ಪೂರ್ಣ ಹಲ್ಲೆಂದು ಭಾವಿಸಿ ಪುಟವನ್ನು ಹಾರಿಸುತ್ತಿತ್ತು. ರಿಸೀವರನ್ನು ಕಿತ್ತೊಡನೆ ವಿದ್ಯುತ್ತು ಕಡಿದು ಆಜ್ಞೆ ಅಳಿಸಿಹೋಗುತ್ತದೆ. ವಿಂಡೋಸನ್ನು ಪುನಃ ಬಳಸಿದಾಗ ದೋಷವೂ ಮರಳುತ್ತದೆ. 5.0ರಿಂದ ಈಚೆಗೆ ಕರ್ನಲ್ ತಾನೇ ಈ ಗುಣಕವನ್ನು ವಿಚಾರಿಸಿ ಲೆಕ್ಕ ಹಾಕುವುದರಿಂದ, ಈ ಸೂಚನೆ ಮುಖ್ಯವಾಗಿ ಹಳೆಯ ಆವೃತ್ತಿಗಳಿಗೆ ಸಲ್ಲತಕ್ಕದ್ದು.

ಎರಡನೆಯದು, ಇಮ್‌ವೀಲ್ ಎಂಬ ತಂತ್ರಾಂಶ. ಇದು ಚಕ್ರದ ಒಂದು ಹಲ್ಲನ್ನು ನಾವು ಸೂಚಿಸಿದಷ್ಟು ಬಾರಿ ಪುನರುಕ್ತಗೊಳಿಸುತ್ತದೆ. ಪುಟ ನಿಧಾನವಾಗಿ ಸಾಗುವವರಿಗೆ ಇದರಿಂದ ಉಪಕಾರವಾದುದು ನಿಜ. ಆದರೆ ಇದು ಎಕ್ಸ್ ವ್ಯವಸ್ಥೆಗಾಗಿ ರಚಿತವಾದುದು. ಉಬುಂಟು 2021ರ ಏಪ್ರಿಲ್‌ನ ಆವೃತ್ತಿಯಿಂದ ಬಹುಪಾಲು ಯಂತ್ರಗಳಲ್ಲಿ ವೇಲ್ಯಾಂಡ್ ಎಂಬ ಹೊಸ ಪರದೆವ್ಯವಸ್ಥೆಯನ್ನು ಬಳಕೆಗೆ ತಂದಿದೆ. ಅಲ್ಲಿ ಇಮ್‌ವೀಲನ್ನು ನೆಚ್ಚುವಂತಿಲ್ಲ. ಈ ಭೇದವನ್ನು ಹೇಳದೆ ಆಜ್ಞೆಯನ್ನು ಮಾತ್ರ ನಕಲು ಮಾಡಿಸುವುದು, ಶಾಸನದ ತೇದಿಯನ್ನು ಬಿಟ್ಟು ಪಾಠವನ್ನು ಮಾತ್ರ ಅಚ್ಚು ಹಾಕಿದಂತೆ.

ಇನ್ನು ಕೆಲವು ದೋಷಗಳಿಗೂ ಕಾರ್ಯಾಚರಣೆ ವ್ಯವಸ್ಥೆಗೂ ಸಂಬಂಧವೇ ಇಲ್ಲ. ಯುಎಸ್‌ಬಿ 3.0 ಸಾಧನಗಳಿಂದ ಹೊರಡುವ ಗದ್ದಲವು 2.4 ಗಿಗಾಹರ್ಟ್ಸ್‌ನ ನಿಸ್ತಂತು ಸಾಧನಗಳಿಗೆ ಅಡ್ಡಿಮಾಡುತ್ತದೆಂದು ಇಂಟೆಲ್ ಸಂಸ್ಥೆ 2012ರಲ್ಲಿಯೇ ಪ್ರಕಟಿಸಿದೆ. ರಿಸೀವರನ್ನು ಬೇರೆ ಕಿಂಡಿಗೆ ಬದಲಿಸಿದರೆ, ಅಥವಾ ಚಿಕ್ಕದೊಂದು ತಂತಿಯ ಮೂಲಕ ದೂರವಿಟ್ಟರೆ ಇದು ಪರಿಹಾರವಾಗಬಹುದು. ಚಕ್ರವು ಹಿಂದುಮುಂದಾಗಿ ಜಾರಿದರೆ ಅದರ ಒಳಭಾಗದಲ್ಲಿ ಧೂಳು ಸೇರಿರುವ ಅಥವಾ ಅದು ಸವೆದಿರುವ ಸಂಭವವುಂಟು. ಅದೇ ಮೌಸನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ನೋಡಿದರೆ ದೋಷ ಮೌಸಿನದೋ ವ್ಯವಸ್ಥೆಯದೋ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಅಲ್ಲಿಯೂ ನಿರ್ಣಯವಾಗದಿದ್ದರೆ ಇವಿಟೆಸ್ಟ್ ಎಂಬ ಸಾಧನವಿದೆ. ಕರ್ನಲ್ ಕೇಳಿಸಿಕೊಂಡುದನ್ನು ಅದು ಇದ್ದಂತೆಯೇ ತೋರಿಸುತ್ತದೆ. ಅಲ್ಲಿ ಎಣಿಕೆ ಸರಿಯಾಗಿದ್ದು ಪುಟ ಮಾತ್ರ ಹಾರಿದರೆ, ದೋಷವನ್ನು ಕರ್ನಲ್‌ನಿಂದ ಮೇಲಿನ ಪದರಗಳಲ್ಲಿ ಹುಡುಕತಕ್ಕದ್ದು.

ಈ ವಿಚಾರ ಕ್ಷುಲ್ಲಕವೆಂದು ನಮಗೆ ತೋರುವುದಿಲ್ಲ. ಪ್ರತ್ಯೇಕ ತಂತ್ರಜ್ಞರಿಲ್ಲದ ಗ್ರಾಮಾಂತರ ವಿದ್ಯಾಸಂಸ್ಥೆಯಲ್ಲಿ ಕಾರಣವನ್ನರಿಯದ ಪರಿಹಾರದಿಂದ ಒಳ್ಳೆಯ ಮೌಸು ಕಸಕ್ಕೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಉಚಿತವಾಗಿ ದೊರೆಯುವ ವ್ಯವಸ್ಥೆಯೇ ಕೀಳೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರುತ್ತದೆ. ವಾಸ್ತವದಲ್ಲಿ ಲಿನಕ್ಸಿನಷ್ಟು ತೆರೆದ ದಫ್ತರವನ್ನು ಇತಿಹಾಸಕಾರನು ಬೇರೆಡೆ ಕಾಣುವುದು ಅಪರೂಪ. 2005ರಿಂದ ಈಚೆಗಿನ ಕರ್ನಲ್‌ನ ಪ್ರತಿಯೊಂದು ತಿದ್ದುಪಡಿಗೂ ಕರ್ತೃವಿನ ಹೆಸರು, ತೇದಿ, ವಿವರಣೆಗಳು ಗಿಟ್ ಎಂಬ ದಾಖಲೆಯಲ್ಲಿವೆ. ಇಂಥ ಆಕರವಿದ್ದೂ ವದಂತಿಯನ್ನು ಅನುಸರಿಸುವುದು ವಿದ್ಯಾವಂತರಿಗೆ ಶೋಭಿಸದು. ಆ ದಾಖಲೆ ಇಂಗ್ಲಿಷಿನಲ್ಲಿರುವುದರಿಂದ, ಅದನ್ನು ಓದಿ ಕಾರಣ, ಆವೃತ್ತಿ, ತೇದಿಗಳೊಡನೆ ಕನ್ನಡದಲ್ಲಿ ಬರೆದಿಡುವ ಹೊಣೆ ಕಾಲೇಜುಗಳ ಮೇಲಿದೆ. ಯಾವ ಯಂತ್ರಕ್ಕೆ, ಯಾವ ಆವೃತ್ತಿಗೆ, ಯಾವ ದಿನ ಬರೆದದ್ದು ಎಂಬ ಮೂರು ಮಾತುಗಳಿಲ್ಲದ ಸೂಚನೆಯನ್ನು ಗಣಕ ಕೊಠಡಿಯ ಗೋಡೆಗೆ ಅಂಟಿಸದಿರುವುದೇ ಈ ಕೆಲಸದ ಮೊದಲ ಹೆಜ್ಜೆಯಾಗಬಹುದು.