ಇರ್ಲಿ ಬಿಡ್ರಿ, ಬೇಕಾದೀತು

ಒಂದೇ ಸಿ ಕೋಡು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಬಿಲ್ಡ್ ಆಗಬೇಕು ಅಂದಾಗ ನಾವು ಮೊದಲು ಕೈಹಾಕೋದು ಇಫ್‌ಡೆಫ್‌ಗೆ. ‘ವಿಂಡೋಸ್ ಆದರೆ ಇದು, ಇಲ್ಲದಿದ್ದರೆ ಅದು’ ಅಂತ ಬರೆದರೆ ಮುಗೀತು. ಬೇಡದ ಸಾಲುಗಳನ್ನು ಪ್ರಿಪ್ರೊಸೆಸರ್ ಕತ್ತರಿಸಿ ಹಾಕುತ್ತದೆ, ಕಂಪೈಲರ್ ಕಣ್ಣಿಗೆ ಅವು ಬೀಳೋದೇ ಇಲ್ಲ. ಅನುಕೂಲ ಇರೋದು ಇಲ್ಲೇ, ಅಪಾಯ ಇರೋದೂ ಇಲ್ಲೇ. ಕಂಪೈಲರ್ ನೋಡದ ಕೋಡು ಕೆಟ್ಟಿದೆ ಅಂತ ಹೇಳೋರು ಯಾರು?

ಲೆಕ್ಕ ಹಾಕಿ ನೋಡ್ರಿ. ಆನ್-ಆಫ್ ಮಾಡಬಹುದಾದ 10 ಮ್ಯಾಕ್ರೋ ಇದ್ದರೆ 1,024 ಬಗೆಯ ಬಿಲ್ಡ್ ಸಾಧ್ಯ. ನಾವು ಟೆಸ್ಟ್ ಮಾಡೋದು ಮೂರೋ ನಾಲ್ಕೋ. ಉಳಿದದ್ದು ದೇವರ ಮೇಲೆ ಭಾರ.

ಇದು ಹೊಸ ದೂರೇನಲ್ಲ. ‘ಸಿ ನ್ಯೂಸ್’ ಅನ್ನೋ ಸಾಫ್ಟ್‌ವೇರನ್ನು ಬೇರೆ ಬೇರೆ ಯುನಿಕ್ಸ್‌ಗಳ ಮೇಲೆ ಓಡಿಸಿದ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲಿಯರ್, ಇಫ್‌ಡೆಫ್ ಹಾನಿಕರ ಅಂತ 1992ರಲ್ಲೇ ಯೂಸ್‌ನಿಕ್ಸ್ ಸಮ್ಮೇಳನಕ್ಕೆ ಪ್ರಬಂಧ ಬರೆದಿದ್ದರು. ಯಂತ್ರಗಳ ವ್ಯತ್ಯಾಸವನ್ನು ಕೋಡಿನ ತುಂಬ ಚೆಲ್ಲಬೇಡಿ, ಒಂದು ಇಂಟರ್‌ಫೇಸ್ ಹಿಂದೆ ಇಡಿ ಅನ್ನೋದು ಅದರ ಸಾರ. ಲಿನಕ್ಸ್ ಕರ್ನಲ್‌ನ ಕೋಡಿಂಗ್ ಸ್ಟೈಲ್ ಕೂಡ ಸಿ ಫೈಲಿನೊಳಗೆ ಆದಷ್ಟು ಇಫ್‌ಡೆಫ್ ಬೇಡ ಅನ್ನುತ್ತದೆ.

ಆದರೂ ಯಾಕೆ ತುಂಬಿಕೊಳ್ಳುತ್ತೆ? ನಮ್ಮೂರ ಮನೆಗಳ ಅಟ್ಟ ನೆನಪು ಮಾಡಿಕೊಳ್ರಿ. ಮುರಿದ ಕೂರಿಗೆ, ತೂತು ಬಿದ್ದ ಕೊಡ, ಎಲ್ಲಾ ಮೇಲೆ. ‘ಇರ್ಲಿ ಬಿಡ್ರಿ, ಬೇಕಾದೀತು.’ ಆದರೆ ಅಟ್ಟದ ಕೂರಿಗೆ ಯಾರ ಕಾಲಿಗೂ ತೊಡರೋದಿಲ್ಲ. ಸತ್ತ ಮ್ಯಾಕ್ರೋ ಹಂಗಲ್ಲ; ಹೊಸದಾಗಿ ಟೀಮಿಗೆ ಬಂದವರು ಪ್ರತಿ ಸಲ ಅದನ್ನು ಓದಿ, ದಾಟಿಯೇ ಮುಂದೆ ಹೋಗಬೇಕು.

ಹಾಗಾದರೆ ಎಲ್ಲಾ ಕಿತ್ತು ಒಗೆಯೋಣವೇ? ಹಾಗನ್ನೋರು ಲಿಬ್ರೆಎಸ್‌ಎಸ್‌ಎಲ್ ಕಡೆ ಬೆರಳು ತೋರಿಸ್ತಾರೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದ ಮೇಲೆ ಓಪನ್‌ಬಿಎಸ್‌ಡಿ ತಂಡ ಓಪನ್‌ಎಸ್‌ಎಸ್‌ಎಲ್ ಕೋಡನ್ನು ಪ್ರತ್ಯೇಕವಾಗಿ ಬೆಳೆಸಲು ಎತ್ತಿಕೊಂಡು, ಕೆಲವೇ ವಾರಗಳಲ್ಲಿ ಸುಮಾರು 90,000 ಸಾಲು ಕಿತ್ತು ಹಾಕಿತು. ವಿಎಂಎಸ್, ಹಳೇ ಮ್ಯಾಕ್, 16 ಬಿಟ್ ವಿಂಡೋಸ್‌ಗೆ ಅಂತ ಉಳಿದಿದ್ದ ಕೋಡೆಲ್ಲ ಹೋಯಿತು. ಚಪ್ಪಾಳೆ ಸರಿಯೇ. ಆದರೆ ಈ ಕಥೆಯನ್ನು ಅರ್ಧಕ್ಕೇ ನಿಲ್ಲಿಸೋರು ಜಾಸ್ತಿ. ಹಾರ್ಟ್‌ಬ್ಲೀಡ್‌ಗೆ ಕಾರಣ ಇಫ್‌ಡೆಫ್ ಅಲ್ಲ, ಉದ್ದ ಪರೀಕ್ಷಿಸದೆ ಮೆಮೊರಿ ಓದಿದ್ದು. ಅಷ್ಟೇ ಅಲ್ಲ, ತಕ್ಷಣ ಅಪ್‌ಗ್ರೇಡ್ ಮಾಡಲಾಗದವರು ಹಾರ್ಟ್‌ಬೀಟನ್ನು ಬಂದ್ ಮಾಡಿ ಮರುಕಂಪೈಲ್ ಮಾಡಲು ದಾರಿಯಾಗಿದ್ದು ಒಂದು ಮ್ಯಾಕ್ರೋನೇ! ಮುಂದೆ ಲಿಬ್ರೆಎಸ್‌ಎಸ್‌ಎಲ್ ಬೇರೆ ಸಿಸ್ಟಮ್‌ಗಳಿಗೆ ಬಂದಾಗ ವ್ಯತ್ಯಾಸಗಳೇನೂ ಮಾಯವಾಗಲಿಲ್ಲ. ಪ್ರತ್ಯೇಕ ಹೊಂದಾಣಿಕೆ ಪದರಕ್ಕೆ ಹೋಗಿ ಕೂತವು.

ಹಾಗಾಗಿ ನನ್ನ ತಕರಾರು ಮ್ಯಾಕ್ರೋ ಮೇಲಲ್ಲ, ಅದು ಕೇಳೋ ಪ್ರಶ್ನೆ ಮೇಲೆ. ‘ನೀನು ಯಾವ ಯಂತ್ರ?’ ಅಂತ ಕೇಳ್ತೀವಿ. ಕೇಳಬೇಕಾದ್ದು ‘ನಿನಗೆ ಈ ಕೆಲಸ ಬರುತ್ತಾ?’ ಅಂತ. ಹೆಸರು ನಂಬಿದರೆ ಕೆಟ್ಟೆವು: ವಿನ್32 ಮ್ಯಾಕ್ರೋ 64 ಬಿಟ್ ವಿಂಡೋಸ್‌ನಲ್ಲೂ ಇರುತ್ತದೆ. ‘ವಿಂಡೋಸ್ ಅಲ್ಲದ್ದೆಲ್ಲ ಲಿನಕ್ಸ್’ ಅಂತ ಬರೆದ ಎಲ್ಸ್, ಮ್ಯಾಕ್ ಬಂದ ದಿನ ಸುಳ್ಳಾಗುತ್ತದೆ. ಆ ಎಲ್ಸ್ ಒಳಗೆ ಎರರ್ ಹಾಕ್ರಿ, ಬಿಲ್ಡ್ ಅಲ್ಲೇ ನಿಲ್ಲಲಿ. ಸ್ಪೆಲಿಂಗ್ ತಪ್ಪಿದ ಹೆಸರನ್ನು ಇಫ್‌ಡೆಫ್ ಸುಮ್ಮನೆ ‘ಇಲ್ಲ’ ಅಂದುಕೊಳ್ಳುತ್ತದೆ. ಬದಲಿಗೆ ಮ್ಯಾಕ್ರೋಗೆ ಯಾವಾಗಲೂ 0 ಅಥವಾ 1 ಬೆಲೆ ಕೊಟ್ಟು, ಬರೀ ಇಫ್ ಬಳಸಿ, ಡಬ್ಲ್ಯೂಅನ್‌ಡೆಫ್ ಎಚ್ಚರಿಕೆ ಆನ್ ಮಾಡಿದರೆ ಜಿಸಿಸಿಯೇ ಹಿಡಿದು ಕೊಡುತ್ತದೆ. ಸತ್ತದ್ದನ್ನು ಕತ್ತರಿಸಲು ಯುನಿಫ್‌ಡೆಫ್ ಅನ್ನೋ ಟೂಲ್ ಇದೆ.

ಆದರೆ ಯಾವುದು ಸತ್ತಿದೆ ಅಂತ ಟೂಲ್ ಹೇಳೋದಿಲ್ಲ. ಅಮರಗೋಳದ ಎಪಿಎಂಸಿಯ ಯಾವುದೋ ಅಂಗಡಿಯಲ್ಲಿ 32 ಬಿಟ್ ವಿಂಡೋಸ್ ಪಿಸಿ ಇವತ್ತೂ ಬಿಲ್ ಹಾಕ್ತಿರಬಹುದು. ನಮಗದು ಕಸ, ಅವರಿಗದು ಹೊಟ್ಟೆಪಾಡು. ಡಿಲೀಟ್ ಒತ್ತೋ ಮುಂಚೆ ಕೋಡನ್ನಷ್ಟೇ ಗ್ರೆಪ್ ಮಾಡಿದರೆ ಸಾಲದು, ಸಪೋರ್ಟ್ ಟೀಮಿಗೆ ಒಂದು ಫೋನ್ ಹಚ್ರಿ. ‘ಯಾರೂ ಬಳಸ್ತಿಲ್ಲ’ ಅಂತ ಗೊತ್ತಾದ ಮೇಲೂ ಉಳಿಸಿಕೊಂಡರೆ ಅದು ಜಾಗ್ರತೆ ಅಲ್ಲ, ಬರೀ ಅಂಜಿಕೆ.